ಕರೆ ಮುಗಿದ ಮೇಲೆ ಮಾತ್ರೆ ಕೈಗೆ ಬರಬೇಕು: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು
ಹಾಗೂ
ಎಲ್ಲ ಜಿಲ್ಲಾ ಪಂಚಾಯತ್‌ಗಳ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ವಿಷಯ: ಹಳ್ಳಿಗಳ ಬಿಪಿ, ಶುಗರ್ ರೋಗಿಗಳಿಗೆ ಇ-ಸಂಜೀವಿನಿ ಎಂಬ ಸರ್ಕಾರಿ ದೂರವೈದ್ಯ ಸೇವೆ ನಿಜವಾಗಿ ದಕ್ಕುವಂತೆ ಮಾಡುವ ಬಗ್ಗೆ.

ಮಾನ್ಯರೇ,

ಹಳ್ಳಿಯ ಉಪಕೇಂದ್ರದಲ್ಲಿ ಕೂತ ರೋಗಿಯನ್ನು ದೂರದ ವೈದ್ಯರಿಗೆ ತೋರಿಸುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಿದ್ದು 2000ರ ದಶಕದ ಆರಂಭದಲ್ಲೇ. ಇವತ್ತು ಅದಕ್ಕೆ ಉಪಗ್ರಹದ ತಟ್ಟೆ ಬೇಕಿಲ್ಲ. ಉಪಕೇಂದ್ರವನ್ನು ನೋಡಿಕೊಳ್ಳುವ ಸಮುದಾಯ ಆರೋಗ್ಯ ಅಧಿಕಾರಿಯ, ಅಂದರೆ ನಮ್ಮ ಸಿಎಚ್‌ಒಗಳ ಕೈಯಲ್ಲಿರುವ ಟ್ಯಾಬ್ ಸಾಕು. 2019ರ ನವೆಂಬರಿನಲ್ಲಿ ಇ-ಸಂಜೀವಿನಿ ಬಂತು. 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಬಂದು ಅದಕ್ಕೊಂದು ಚೌಕಟ್ಟು ಸಿಕ್ಕಿತು. ಕರೆ ಮಾಡುವ ದಾರಿ ಹೀಗೆ ಸಿದ್ಧವಾಗಿದೆ. ಆ ಕರೆಯ ಹಿಂದೆ ಮತ್ತು ಮುಂದೆ ಆಗಬೇಕಾದ ಕೆಲಸ ಮಾತ್ರ ಇನ್ನೂ ಬಾಕಿ ಇದೆ. ಅದರ ಬಗ್ಗೆಯೇ ಈ ಪತ್ರ.

ಬಿಪಿ, ಶುಗರ್ ಕಾಯಿಲೆಗಳು ಜ್ವರದ ಹಾಗಲ್ಲ. ಜ್ವರಕ್ಕೆ ಒಂದು ಕರೆ, ಮೂರು ದಿನದ ಮಾತ್ರೆ, ಅಲ್ಲಿಗೆ ಮುಗಿಯಿತು. ಬಿಪಿಗೆ ಇಪ್ಪತ್ತು ವರ್ಷ ಮಾತ್ರೆ ನುಂಗಬೇಕು, ಅದೂ ಏನೂ ನೋವಿಲ್ಲದಿದ್ದರೂ ನುಂಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15 ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರ ರಕ್ತದೊತ್ತಡ ಏರಿದೆ ಅಥವಾ ಅವರು ಅದಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದಾರೆ. ಇಷ್ಟು ಜನರನ್ನು ಇಷ್ಟು ವರ್ಷ ಕೈಬಿಡದೆ ನೋಡಿಕೊಳ್ಳುವ ಕೆಲಸಕ್ಕೆ ಒಂದೊಂದಾಗಿ ಬಿಡಿ ಕರೆಗಳನ್ನು ಎಣಿಸಿದರೆ ಪ್ರಯೋಜನವಿಲ್ಲ. ಅಳತೆ ಸರಿ ಇರಬೇಕು, ಅದೇ ವೈದ್ಯರು ಸಿಗಬೇಕು, ಬರೆದ ಮಾತ್ರೆ ಅದೇ ಕಟ್ಟಡದಲ್ಲಿ ಅದೇ ದಿನ ಕೈಗೆ ಬರಬೇಕು.

ಮೊದಲು ಅಳತೆಯ ಮಾತು. ಪರದೆಯ ಆಚೆ ಇರುವ ವೈದ್ಯರಿಗೆ ರೋಗಿಯ ನಾಡಿ ಸಿಗುವುದಿಲ್ಲ, ಸಿಗುವುದು ಎರಡು ಅಂಕಿ. ಆ ಅಂಕಿ ತಪ್ಪಾದರೆ ಅವರ ಇಡೀ ತೀರ್ಮಾನ ತಪ್ಪಾಗುತ್ತದೆ. ಉಪಕೇಂದ್ರದಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನೋಡಿ. ಎರಡು ಕಿಲೋಮೀಟರ್ ಬಿಸಿಲಲ್ಲಿ ನಡೆದು ಬಂದ ಅಜ್ಜಿಯನ್ನು ಬೆನ್ನಿಗೆ ಆಸರೆ ಇಲ್ಲದ ಬೆಂಚಿನ ಮೇಲೆ ಕೂರಿಸುತ್ತಾರೆ. ರವಿಕೆಯ ಬಿಗಿ ತೋಳನ್ನು ಮೇಲಕ್ಕೆ ಮಡಚಿದಾಗ ಅದು ಹಗ್ಗ ಕಟ್ಟಿದಂತೆ ತೋಳನ್ನು ಹಿಡಿದುಕೊಳ್ಳುತ್ತದೆ. ಅದರ ಕೆಳಗೆ ಬಿಪಿ ಯಂತ್ರದ ಪಟ್ಟಿ ಸುತ್ತುತ್ತಾರೆ. ಕೈ ತೊಡೆಯ ಪಕ್ಕಕ್ಕೆ ಇಳಿಬಿದ್ದಿದೆ, ಕಾಲು ನೆಲ ಮುಟ್ಟುತ್ತಿಲ್ಲ, ಯಂತ್ರ ಗಾಳಿ ತುಂಬುವಾಗಲೇ ಸಿಎಚ್‌ಒ "ಅಜ್ಜಿ, ಮಾತ್ರೆ ಬಿಟ್ಟಿಲ್ಲ ತಾನೆ?" ಎಂದು ಕೇಳುತ್ತಾರೆ, ಅಜ್ಜಿ ಉತ್ತರ ಕೊಡುತ್ತಾರೆ. ಇಳಿಬಿದ್ದ ಕೈಯೊಂದೇ ಅಂಕಿಯನ್ನು ಸುಮಾರು 10ರಷ್ಟು ಏರಿಸಬಲ್ಲದು. ಮಾತಾಡುವುದು ಇನ್ನಷ್ಟು ಸೇರಿಸುತ್ತದೆ, ತುಂಬಿದ ಮೂತ್ರಕೋಶ ಮತ್ತಷ್ಟು. ನಿಜವಾಗಿ 136 ಇರುವವರು ಪರದೆಯ ಮೇಲೆ 158 ಆಗುತ್ತಾರೆ. ವೈದ್ಯರು ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಹದಿನೈದು ದಿನಕ್ಕೆ ಅಜ್ಜಿ ಬೆಳಗಿನ ಜಾವ ಎದ್ದು ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬೀಳುತ್ತಾರೆ. ಆಮೇಲೆ ಅವರು ಯಾವ ಮಾತ್ರೆಯನ್ನೂ ಮುಟ್ಟುವುದಿಲ್ಲ, ನೆರೆಮನೆಯವರಿಗೂ ಮುಟ್ಟಬೇಡಿ ಎನ್ನುತ್ತಾರೆ.

ಇದನ್ನು ಸರಿಪಡಿಸಲು ಹಣ ಹೆಚ್ಚು ಬೇಡ. ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿ, ಎದೆಯ ಮಟ್ಟಕ್ಕೆ ಕೈ ಇಡಲು ಒಂದು ಮೇಜು, ಎರಡು ಅಳತೆಯ ಪಟ್ಟಿಗಳು. ತೋಳಿನ ಸುತ್ತಳತೆ 22ರಿಂದ 32 ಸೆಂಟಿಮೀಟರ್ ಇದ್ದರೆ ಮಾಮೂಲಿ ಪಟ್ಟಿ, ಅದಕ್ಕಿಂತ ದಪ್ಪ ತೋಳಿಗೆ ದೊಡ್ಡದು. ಬಹುತೇಕ ಯಂತ್ರಗಳ ಜೊತೆ ಬರುವುದು ಮಾಮೂಲಿ ಪಟ್ಟಿಯೊಂದೇ. ದಪ್ಪ ತೋಳಿಗೆ ಅದನ್ನೇ ಸುತ್ತಿದರೆ ಅಂಕಿ ಏರಿಯೇ ಬರುತ್ತದೆ. ಐದು ನಿಮಿಷ ಸುಮ್ಮನೆ ಕೂರಿಸಿ, ಅರ್ಧ ಗಂಟೆಯೊಳಗೆ ಕಾಫಿ, ಬೀಡಿ, ಎಲೆ-ಅಡಿಕೆ-ತಂಬಾಕು ಆಗಿದೆಯೇ ಎಂದು ಕೇಳಿ, ಬರಿ ತೋಳಿಗೆ ಪಟ್ಟಿ ಸುತ್ತಿ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು, ಎರಡೂ ಅಂಕಿಗಳನ್ನು ಬರೆಯಬೇಕು. ಮಣಿಕಟ್ಟಿಗೆ ಕಟ್ಟುವ ಯಂತ್ರಗಳನ್ನು ದಯವಿಟ್ಟು ಖರೀದಿಸಬೇಡಿ. ಬ್ಯಾಟರಿ ಇಳಿದಾಗ ಯಂತ್ರ ಅರ್ಧಕ್ಕೇ ನಿಂತು ಎರರ್ ತೋರಿಸುತ್ತದೆ. ಉಪಕೇಂದ್ರದಲ್ಲಿ ಆ ಯಂತ್ರ "ಕೆಟ್ಟಿದೆ" ಎಂದು ಮೂಲೆ ಸೇರುತ್ತದೆ. ಕೆಟ್ಟಿರುವುದು ನಾಲ್ಕು ಪೆನ್ಸಿಲ್ ಸೆಲ್‌ಗಳು ಮಾತ್ರ. ಅವುಗಳಿಗೆ ಬಿಡಿ ಖರ್ಚಿನಲ್ಲಿ ಅವಕಾಶವಿದೆ ಎಂದು ಒಂದು ಸುತ್ತೋಲೆಯಲ್ಲಿ ಬರೆದುಬಿಡಿ, ಜನ ಬರೆದದ್ದನ್ನು ಪಾಲಿಸುತ್ತಾರೆ.

ಶುಗರ್ ಅಳತೆಯಲ್ಲಿ ಬೇರೆ ತೊಂದರೆ. ಮಾವಿನ ಹಣ್ಣು ಮುಟ್ಟಿದ ಬೆರಳು, ಬೆಲ್ಲ ಕುಟ್ಟಿದ ಬೆರಳು, ಇವುಗಳ ಮೇಲೆ ಉಳಿದ ಸಿಹಿ ರಕ್ತದ ಹನಿಗೆ ಸೇರಿ 150 ಇರುವ ಕಡೆ 250 ತೋರಿಸಬಹುದು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ಸೋಪು ನೀರಿನಲ್ಲಿ ಕೈ ತೊಳೆದು ಒಣಗಿಸಬೇಕು. ಪರೀಕ್ಷಾ ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದೇ ಇಟ್ಟರೆ ಮಲೆನಾಡಿನ ಜುಲೈ ತಿಂಗಳ ತೇವ ಒಂದು ವಾರದಲ್ಲಿ ಅವುಗಳನ್ನು ಹಾಳು ಮಾಡುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲೂ ಅಷ್ಟೇ. ಹೆಚ್ಚಿನ ಪಟ್ಟಿಗಳನ್ನು 30 ಡಿಗ್ರಿಯ ಆಚೆ ಇಡಬಾರದು ಎಂದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆ ಪೆನ್ನಿನಲ್ಲಿ ಬರೆಯುವ ಅಭ್ಯಾಸ ಬೇಕು. ಇನ್ನು "ಖಾಲಿ ಹೊಟ್ಟೆ" ಎಂಬ ಮಾತು. ಬೆಳಿಗ್ಗೆ ಹನ್ನೊಂದಕ್ಕೆ ಬಂದವರು ತಿಂಡಿ ತಿಂದಿಲ್ಲ ಎನ್ನುತ್ತಾರೆ, ಸಕ್ಕರೆ ಹಾಕಿದ ಚಹಾ ಎರಡು ಸಲ ಕುಡಿದಿರುತ್ತಾರೆ. ಆ ಅಂಕಿಯನ್ನು ಖಾಲಿ ಹೊಟ್ಟೆಯದೆಂದು ನಮೂದಿಸಿದರೆ ವೈದ್ಯರು ದಾರಿ ತಪ್ಪುತ್ತಾರೆ. ಅನುಮಾನ ಬಂದರೆ "ಊಟದ ನಂತರ" ಎಂದೇ ಬರೆದು ಗಂಟೆ ನಮೂದಿಸಲಿ.

ಇನ್ಸುಲಿನ್ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಇದರಲ್ಲಿ ಆಗುವ ಒಂದು ತಪ್ಪು ಪರದೆಯ ಮೇಲೆ ಕಾಣುವುದೇ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ 10 ಮಿಲಿ ಸೀಸೆ ಸಾಮಾನ್ಯವಾಗಿ 40ರದ್ದು, ಅಂದರೆ ಒಂದು ಮಿಲಿಯಲ್ಲಿ 40 ಯೂನಿಟ್, ಇಡೀ ಸೀಸೆಗೆ 400. ಇದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಮೆಡಿಕಲ್ ಶಾಪಿನಲ್ಲಿ ಕಿತ್ತಳೆ ಮುಚ್ಚಳದ 100ರ ಸಿರಿಂಜೂ ಸಿಗುತ್ತದೆ, ಎರಡನ್ನೂ "ಇನ್ಸುಲಿನ್ ಸಿರಿಂಜ್" ಎಂದೇ ಕೊಡುತ್ತಾರೆ. 20 ಯೂನಿಟ್ ಹಾಕಿಕೊಳ್ಳಬೇಕಾದವರು 100ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ದೇಹಕ್ಕೆ ಹೋಗುವುದು ಬರೀ 8 ಯೂನಿಟ್. ವೈದ್ಯರು ಕರೆಯಲ್ಲಿ "ಎಷ್ಟು ಹಾಕ್ಕೋತೀರಿ ಯಜಮಾನ್ರೆ?" ಎಂದರೆ "ಇಪ್ಪತ್ತು ಸಾರ್, ಎರಡು ಹೊತ್ತು" ಎಂಬ ಪ್ರಾಮಾಣಿಕ ಉತ್ತರ ಬರುತ್ತದೆ. ಶುಗರ್ 320 ಇದೆ. ವೈದ್ಯರು ಡೋಸು ಏರಿಸುತ್ತಾರೆ. ಒಂದು ದಿನ ಯಾರೋ ಸರಿಯಾದ ಸಿರಿಂಜು ತಂದುಕೊಟ್ಟಾಗ ಏರಿಸಿದ ಡೋಸು ಪೂರ್ತಿ ಒಳಗೆ ಹೋಗಿ ರೋಗಿ ಬೆವೆತು ಬೀಳುತ್ತಾರೆ. ತಿರುವು ಮುರುವಾದರೆ ಇನ್ನೂ ಅಪಾಯ: 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅದು 50 ಯೂನಿಟ್.

ದೂರದಿಂದಲೇ ಇದನ್ನು ಹಿಡಿಯಲು ಒಂದು ಪ್ರಶ್ನೆ ಇದೆ: "ಒಂದು ಸೀಸೆ ಎಷ್ಟು ದಿನ ಬರುತ್ತೆ?" ದಿನಕ್ಕೆ 40 ಯೂನಿಟ್ ಆದರೆ 400ರ ಸೀಸೆ ಹತ್ತು ದಿನಕ್ಕೆ ಮುಗಿಯಬೇಕು. ಇಪ್ಪತ್ತೈದು ದಿನ ಬಂತು ಎಂದರೆ ದಿನಕ್ಕೆ ಹೋಗುತ್ತಿರುವುದು 16. ಸಿರಿಂಜು ತಪ್ಪಾಗಿದೆ, ಇಲ್ಲವೇ ಒಂದು ಹೊತ್ತು ಬಿಟ್ಟುಹೋಗುತ್ತಿದೆ. ಸಿಎಚ್‌ಒ ಸೀಸೆ ಮತ್ತು ಸಿರಿಂಜನ್ನು ಪಕ್ಕಪಕ್ಕ ಹಿಡಿದು ಕ್ಯಾಮೆರಾಕ್ಕೆ ತೋರಿಸುವುದನ್ನು ಪ್ರತಿ ಇನ್ಸುಲಿನ್ ರೋಗಿಯ ಕರೆಯಲ್ಲೂ ಕಡ್ಡಾಯ ಮಾಡಿ. ಅರ್ಧ ನಿಮಿಷದ ಕೆಲಸ. ಜೊತೆಗೆ ಸೀಸೆ ಎಲ್ಲಿಡುತ್ತೀರಿ ಎಂದೂ ಕೇಳಲಿ. ಬಳಕೆಯಲ್ಲಿರುವ ಸೀಸೆಯನ್ನು ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟು, ಸುತ್ತ ಮರಳು ಒದ್ದೆ ಮಾಡಿ ಇಟ್ಟುಕೊಳ್ಳಬಹುದು. ತೆರೆದ ಮೇಲೆ ನಾಲ್ಕು ವಾರದ ಆಚೆ ಬಳಸಬಾರದು. ಫ್ರಿಜ್ ಇರುವ ಮನೆಗಳಲ್ಲಿ ಮೇಲಿನ ಐಸ್ ಪೆಟ್ಟಿಗೆಯಲ್ಲಿಟ್ಟು ಗಟ್ಟಿ ಮಾಡಿ ಹಾಳು ಮಾಡುವುದೂ ಉಂಟು.

ಇನ್ನು ವೈದ್ಯರ ಮಾತು. ಸರದಿಯಲ್ಲಿ ಯಾರು ಸಿಕ್ಕರೆ ಅವರು ಎಂಬ ಪದ್ಧತಿ ಜ್ವರ ನೆಗಡಿಗೆ ನಡೆಯುತ್ತದೆ. ಬಿಪಿ, ಶುಗರ್‌ಗೆ ನಡೆಯುವುದಿಲ್ಲ. ಪ್ರತಿ ತಿಂಗಳೂ ಹೊಸ ವೈದ್ಯರು ಹಳೆಯ ಕಥೆಯನ್ನು ಮೊದಲಿಂದ ಕೇಳುತ್ತಾರೆ. ಒಬ್ಬರು ಬಿಪಿಗೆ ಆಮ್ಲೋಡಿಪಿನ್ ಬರೆಯುತ್ತಾರೆ, ಮುಂದಿನ ತಿಂಗಳು ಇನ್ನೊಬ್ಬರು ಅದನ್ನು ತೆಗೆದು ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿಪಿ ಮಾತ್ರೆ ಬರೆಯುತ್ತಾರೆ, ರೋಗಿ ಎರಡನ್ನೂ ನುಂಗುತ್ತಾರೆ ಅಥವಾ ಎರಡನ್ನೂ ಬಿಡುತ್ತಾರೆ. ನಮ್ಮ ಕೋರಿಕೆ ಇಷ್ಟೆ: ಒಂದು ಉಪಕೇಂದ್ರಕ್ಕೆ ಒಬ್ಬ ವೈದ್ಯರು, ವಾರದಲ್ಲಿ ಒಂದು ನಿಗದಿತ ದಿನ, ನಿಗದಿತ ಹೊತ್ತು.

ಇದು ಸಾಧ್ಯವೇ ಎಂದು ಕೇಳಬಹುದು. ಲೆಕ್ಕ ಹಾಕೋಣ. 5,000 ಜನಸಂಖ್ಯೆಯ ಉಪಕೇಂದ್ರದಲ್ಲಿ 300 ಜನ ನೋಂದಾಯಿತ ರೋಗಿಗಳು ಇದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ 200 ಜನರ ಕಾಯಿಲೆ ಹತೋಟಿಯಲ್ಲಿದೆ. ಅವರಿಗೆ ಎರಡು ತಿಂಗಳ ಮಾತ್ರೆ ಕೊಟ್ಟರೆ ವಾರಕ್ಕೆ 25 ಜನ ಬಂದು ಸಿಎಚ್‌ಒ ಹತ್ತಿರ ಅಳೆಸಿಕೊಂಡು ಮಾತ್ರೆ ಒಯ್ಯುತ್ತಾರೆ. ಅವರಿಗೆ ವೈದ್ಯರ ಕರೆಯೇ ಬೇಡ, ಅಂಕಿ ನೋಡಿ ಒಪ್ಪಿಗೆ ಹಾಕಿದರೆ ಸಾಕು. ಹತೋಟಿಗೆ ಬಾರದ 100 ಜನ ತಿಂಗಳಿಗೊಮ್ಮೆ ಬರಲಿ, ವಾರಕ್ಕೆ ಅವರೂ 25. ಒಬ್ಬರಿಗೆ ಆರು ನಿಮಿಷದಂತೆ ಎರಡೂವರೆ ಗಂಟೆ. ಆರು ಉಪಕೇಂದ್ರಗಳಿಗೆ ವಾರಕ್ಕೆ ಹದಿನೈದು ಗಂಟೆ. ಒಬ್ಬ ವೈದ್ಯರ ಐದು ಅರ್ಧ ದಿನಗಳಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ ಮುಗಿಯುತ್ತದೆ. ಎಲ್ಲರಿಗೂ ಕರೆ ಮಾಡಿಸುವ ಹಟ ಬಿಟ್ಟರೆ ಮಾತ್ರ ಈ ಲೆಕ್ಕ ಕೂಡುತ್ತದೆ.

ಯಾವ ದಿನ ಎಂಬುದನ್ನು ಊರಿಗೆ ಬಿಡಿ. ಗುರುವಾರ ಲಸಿಕೆಯ ದಿನ, ಅಂದು ಸಿಎಚ್‌ಒಗೂ ಆಶಾಗೂ ಪುರುಸೊತ್ತಿಲ್ಲ. ಸಂತೆ ನಡೆಯುವ ಊರಾದರೆ ಸಂತೆ ದಿನವೇ ಒಳ್ಳೆಯದು, ಸುತ್ತಲ ಹಳ್ಳಿಯವರು ಹೇಗೂ ಬರುತ್ತಾರೆ. ಸಂತೆಗೆ ಹೋಗುವ ಊರಾದರೆ ಆ ದಿನ ಉಪಕೇಂದ್ರ ಖಾಲಿ. ಎಸ್‌ಎಂಎಸ್ ನೆನಪೋಲೆಯ ಮೇಲೆ ಹೆಚ್ಚು ಭರವಸೆ ಬೇಡ. ಅನೇಕ ಮನೆಗಳಲ್ಲಿ ನೋಂದಾಯಿತ ಸಂಖ್ಯೆ ಬೆಂಗಳೂರಲ್ಲಿ ಕೆಲಸಕ್ಕಿರುವ ಮಗನದು. ಸಂದೇಶ ಅವನಿಗೆ ಹೋಗುತ್ತದೆ, ಮಾತ್ರೆ ಮುಗಿದ ತಾಯಿಗೆ ಹೋಗುವುದಿಲ್ಲ. "ಬುಧವಾರ ಬಿಪಿ ದಿನ" ಎಂದು ಊರಿನ ಬಾಯಲ್ಲಿ ಕೂತುಬಿಟ್ಟರೆ ಯಾವ ಸಂದೇಶವೂ ಬೇಡ.

ಮಾತ್ರೆಯ ದಾಸ್ತಾನು ಈ ಇಡೀ ವ್ಯವಸ್ಥೆಯ ಬೆನ್ನೆಲುಬು. ವೈದ್ಯರು ಪರದೆಯಲ್ಲಿ ಟೆಲ್ಮಿಸಾರ್ಟಾನ್ 40 ಬರೆಯುತ್ತಾರೆ. ಉಪಕೇಂದ್ರದ ಕಪಾಟಿನಲ್ಲಿ ಅದಿಲ್ಲ. "ಹೊರಗೆ ತಗೊಳ್ಳಿ" ಎಂದ ಕ್ಷಣ ಆ ಕರೆ ವ್ಯರ್ಥ. ಹತ್ತಿರದ ಮೆಡಿಕಲ್ ಶಾಪಿಗೆ ಬಸ್ ಚಾರ್ಜು, ಅರ್ಧ ದಿನದ ಕೂಲಿ, ಮಾತ್ರೆಯ ದುಡ್ಡು, ಇಷ್ಟನ್ನು ಏನೂ ನೋವಿಲ್ಲದ ಕಾಯಿಲೆಗೆ ಯಾರು ತಿಂಗಳು ತಿಂಗಳೂ ಖರ್ಚು ಮಾಡುತ್ತಾರೆ? ಹಾಗಾಗಿ ವೈದ್ಯರ ಪರದೆಯ ಮೇಲೆ ಆ ಉಪಕೇಂದ್ರದಲ್ಲಿ ಇವತ್ತು ಏನಿದೆ, ಎಷ್ಟಿದೆ ಎಂಬ ಪಟ್ಟಿ ಕಾಣಬೇಕು. ಅದು ಆಗುವವರೆಗೆ ಸಿಎಚ್‌ಒ ಪ್ರತಿ ವಾರ ಬಿಪಿ ದಿನದ ಬೆಳಿಗ್ಗೆ ಕಪಾಟಿನ ಪಟ್ಟಿಯ ಫೋಟೊ ತೆಗೆದು ವೈದ್ಯರಿಗೆ ಕಳಿಸಿದರೂ ನಡೆಯುತ್ತದೆ. ಆಮ್ಲೋಡಿಪಿನ್ 10 ಇಲ್ಲದಿದ್ದರೆ 5ರದ್ದು ಎರಡು ಬರೆಯಬಹುದು ಎಂಬುದು ವೈದ್ಯರಿಗೆ ಗೊತ್ತು. ಏನಿದೆ ಎಂಬುದು ಮೊದಲು ಗೊತ್ತಾಗಬೇಕು, ಅಷ್ಟೆ.

ಬೇಡಿಕೆ ಪಟ್ಟಿಯನ್ನು ಕಳೆದ ವರ್ಷದ ಸರಬರಾಜಿನ ಆಧಾರದ ಮೇಲೆ ಮಾಡಿದರೆ ಕಳೆದ ವರ್ಷದ ಕೊರತೆಯೇ ಈ ವರ್ಷವೂ ಮರುಕಳಿಸುತ್ತದೆ. ರೋಗಿಗಳ ಪಟ್ಟಿಯಿಂದ ಎಣಿಸಬೇಕು. ಆಮ್ಲೋಡಿಪಿನ್ 5 ದಿನಕ್ಕೊಂದರಂತೆ 200 ಜನರಿಗೆ ತಿಂಗಳಿಗೆ 6,000 ಮಾತ್ರೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ 500 ದಿನಕ್ಕೆರಡರಂತೆ 100 ಜನರಿಗೆ ಇನ್ನೊಂದು 6,000. ಮೂರು ತಿಂಗಳದ್ದು ಲೆಕ್ಕ ಹಾಕಿ, ಕೈಯಲ್ಲಿರುವುದನ್ನು ಕಳೆದು ಉಳಿದದ್ದಕ್ಕೆ ಬೇಡಿಕೆ ಕಳಿಸಬೇಕು. 2017ರಲ್ಲಿ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಕಲಿಸಿದ ಪಾಠವೂ ಇದೇ. ಔಷಧಗಳು ಕೆಲವೇ ಇರಲಿ, ಎಲ್ಲ ಕಡೆ ಒಂದೇ ಕ್ರಮ ಇರಲಿ, ಆ ಕೆಲವು ಎಂದೂ ಖಾಲಿಯಾಗದಿರಲಿ.

ಸರಬರಾಜುದಾರರು ಬದಲಾದಾಗ ಮಾತ್ರೆಯ ಬಣ್ಣ, ಆಕಾರ ಬದಲಾಗುತ್ತದೆ. ಅಕ್ಷರ ಬಾರದವರಿಗೆ ಮಾತ್ರೆಯೆಂದರೆ "ಬಿಳಿ ಗುಂಡಂದು", "ಹಳದಿ ಉದ್ದಂದು". ಹೊಸ ಹಳದಿ ಮಾತ್ರೆ ಬಂದಾಗ ಮನೆಯಲ್ಲಿ ಉಳಿದ ಬಿಳಿಯದನ್ನೂ ಸೇರಿಸಿ ನುಂಗುತ್ತಾರೆ. ಮನೆಯಲ್ಲಿರುವ ಎಲ್ಲ ಮಾತ್ರೆ ಹಾಳೆಗಳನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ ಎಂದು ಆಶಾ ಕಾರ್ಯಕರ್ತೆ ಮೊದಲೇ ಹೇಳಿದರೆ, ಸಿಎಚ್‌ಒ ಒಂದೊಂದನ್ನೂ ಹೆಸರಿರುವ ಬದಿ ತಿರುಗಿಸಿ ಕ್ಯಾಮೆರಾಕ್ಕೆ ತೋರಿಸಬಹುದು. ಆ ಚೀಲದಲ್ಲಿ ಮೈಕೈ ನೋವಿನ ಮಾತ್ರೆಗಳೂ ಹೊರಬೀಳುತ್ತವೆ. ಡೈಕ್ಲೋಫೆನಾಕ್‌ನಂಥವು ಬಿಪಿ ಏರಿಸುತ್ತವೆ, ಶುಗರ್ ಇರುವವರ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಮೂರು ಮಾತ್ರೆ ಕೊಟ್ಟರೂ ಇಳಿಯದ ಬಿಪಿಯ ಕಾರಣ ಎಷ್ಟೋ ಸಲ ಆ ಚೀಲದ ತಳದಲ್ಲಿರುತ್ತದೆ.

ಮಾತ್ರೆ ಬಿಡಲು ಇನ್ನೊಂದು ಕಾರಣ ಕಾಲು ಊತ. ಆಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಹರಡು ಊದುತ್ತದೆ. "ಕಿಡ್ನಿ ಹೋಯ್ತು" ಎಂದು ಹೆದರಿ ನಿಲ್ಲಿಸುತ್ತಾರೆ. ಸಿಎಚ್‌ಒ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಐದು ಸೆಕೆಂಡ್ ಒತ್ತಿ, ಗುಳಿ ಬಿದ್ದಿದೆಯೇ ಎಂದು ನೋಡಿ, ಉಬ್ಬಸ ಇದೆಯೇ ಎಂದು ಕೇಳಿ ಹೇಳಿದರೆ ಮಾತ್ರೆ ಬದಲಿಸಬೇಕೇ, ಬೇರೆ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರು ತೀರ್ಮಾನಿಸುತ್ತಾರೆ.

ಉಪ್ಪಿನ ಬಗ್ಗೆ "ಕಮ್ಮಿ ತಿನ್ನಿ" ಎಂದರೆ ಎಲ್ಲರೂ "ಕಮ್ಮಿನೇ ತಿಂತೀವಿ" ಎನ್ನುತ್ತಾರೆ. "ಮನೇಲಿ ಎಷ್ಟು ಜನ, ಒಂದು ಕೆಜಿ ಉಪ್ಪು ಎಷ್ಟು ದಿನಕ್ಕೆ ಮುಗಿಯುತ್ತೆ?" ಎಂದು ಕೇಳುವುದು ಉತ್ತಮ. ದಿನಕ್ಕೆ ಒಬ್ಬರಿಗೆ 5 ಗ್ರಾಮಿನ ಮಿತಿಯಲ್ಲಿ ಐದು ಜನರ ಮನೆಗೆ ಒಂದು ಕೆಜಿ 40 ದಿನ ಬರಬೇಕು. ಹದಿನೈದು ದಿನಕ್ಕೆ ಮುಗಿದರೆ ಮಾತು ಮುಂದುವರಿಸಲು ದಾರಿ ಸಿಕ್ಕಿತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಲೆಕ್ಕ ಆಗ ತಾನಾಗಿ ಬರುತ್ತದೆ.

ದೂರದಿಂದ ಮಾಡಬಾರದ್ದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಎದೆನೋವು, ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಏದುಸಿರು, ವಾಂತಿಯ ಜೊತೆ 300 ದಾಟಿದ ಶುಗರ್, ಕಪ್ಪಾಗುತ್ತಿರುವ ಕಾಲ್ಬೆರಳು, ತಲೆನೋವು ಮತ್ತು ಮಂಜು ದೃಷ್ಟಿಯ ಜೊತೆ 180/120 ಮುಟ್ಟಿದ ಬಿಪಿ. ಇಂಥವರನ್ನು ವಿಡಿಯೊ ಸರದಿಯಲ್ಲಿ ಕೂರಿಸಬಾರದು, 108ಕ್ಕೆ ಕರೆ ಮಾಡಬೇಕು. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಎದೆನೋವಿನವರಿಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಆಸ್ಪತ್ರೆಗಳಿವೆ. ಅಲ್ಲಿ ಇಸಿಜಿ ದೂರದ ತಜ್ಞರ ಕಣ್ಣಿಗೆ ಬೀಳುತ್ತದೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಅಲ್ಲೇ ಇರುತ್ತದೆ. ದೂರದ ತಜ್ಞ, ಹತ್ತಿರದ ಮದ್ದು: ಬಿಪಿ, ಶುಗರ್‌ಗೂ ನಾವು ಕೇಳುತ್ತಿರುವುದು ಅದನ್ನೇ. ಹತ್ತಿರದ ಅಂಥ ಆಸ್ಪತ್ರೆ ಯಾವುದು ಎಂದು ಪ್ರತಿ ಉಪಕೇಂದ್ರದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಗರ್ಭಿಣಿಯ ಬಿಪಿಯನ್ನು ಈ ವಾರದ ಸರದಿಗೆ ಸೇರಿಸಬೇಡಿ. ಟೆಲ್ಮಿಸಾರ್ಟಾನ್ ಗರ್ಭಿಣಿಗೆ ಕೊಡುವಂಥದ್ದಲ್ಲ. ಮಗುವಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅದನ್ನು ಬರೆಯುವ ಮುನ್ನ ಮುಟ್ಟಿನ ದಿನಾಂಕ ಕೇಳಲೇಬೇಕು.

ವರ್ಷಕ್ಕೊಮ್ಮೆಯಾದರೂ ರೋಗಿ ವೈದ್ಯರ ಎದುರು ಖುದ್ದಾಗಿ ಕೂರಬೇಕು. ಪಾದದ ಸ್ಪರ್ಶಜ್ಞಾನವನ್ನು 10 ಗ್ರಾಮ್ ನೈಲಾನ್ ಎಳೆಯಿಂದ ಮುಟ್ಟಿ ನೋಡಬೇಕು, ಕ್ಯಾಮೆರಾಕ್ಕೆ ಅದು ಆಗದ ಕೆಲಸ. ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಆಗಬೇಕು. ಕಿಡ್ನಿ ಸೋತವರಿಗೆ ಮೆಟ್‌ಫಾರ್ಮಿನ್ ಕಡಿಮೆ ಮಾಡಬೇಕಾಗುತ್ತದೆ, ನಿಲ್ಲಿಸಬೇಕಾಗಲೂಬಹುದು. ಕಣ್ಣಿನ ಅಕ್ಷಿಪಟಲದ ಚಿತ್ರವಂತೂ ದೂರವೈದ್ಯಕ್ಕೆ ಹೇಳಿ ಮಾಡಿಸಿದ ಕೆಲಸ. ಚಿತ್ರ ಈಗ ತೆಗೆದು, ನೆಟ್‌ವರ್ಕ್ ಸಿಕ್ಕಾಗ ಕಳಿಸಿದರೂ ಆಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿಗಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋದರು, ಚಿತ್ರಗಳನ್ನು ತಜ್ಞರು ದೂರದಿಂದ ನೋಡಿದರು. ಶುಗರ್ ರೋಗಿಗಳ ಕಣ್ಣಿಗೂ ತಾಲ್ಲೂಕಿಗೊಂದು ತಿರುಗುವ ಕ್ಯಾಮೆರಾ ಕೊಡಿ.

ನೆಟ್‌ವರ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಜೋಯಿಡಾ, ಮಲೆ ಮಹದೇಶ್ವರ ಬೆಟ್ಟದ ಹಾಡಿಗಳ ಸ್ಥಿತಿ ತಮಗೆ ಗೊತ್ತಿದೆ. ಎರಡು ಸಣ್ಣ ಕೆಲಸಗಳಿಂದ ಅರ್ಧ ತೊಂದರೆ ನೀಗುತ್ತದೆ. ಭಾರತ್‌ನೆಟ್ ಫೈಬರ್ ಗ್ರಾಮ ಪಂಚಾಯಿತಿ ಕಟ್ಟಡದವರೆಗೆ ಬಂದಿರುವ ಕಡೆ ಅಲ್ಲಿಂದ ಉಪಕೇಂದ್ರಕ್ಕೆ ತಂತಿ ಎಳೆಸಿ, ಕರೆಂಟು ಹೋದಾಗಲೂ ರೂಟರ್ ನಡೆಯುವಂತೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಕೊಡಿ. ವಿಡಿಯೊ ಕಡಿದುಹೋದರೆ ಸಾಮಾನ್ಯ ಫೋನ್ ಕರೆಯಲ್ಲಿ ಮುಂದುವರಿಸಬಹುದು ಎಂದು ಲಿಖಿತವಾಗಿ ತಿಳಿಸಿ. ಹಳೆಯ ರೋಗಿಯ ಮರುಭೇಟಿಗೆ ಮಾರ್ಗಸೂಚಿಯೇ ಅದಕ್ಕೆ ಎಡೆ ಕೊಟ್ಟಿದೆ. ಕರೆಯನ್ನು ಆರೋಗ್ಯ ಸಿಬ್ಬಂದಿ ಶುರು ಮಾಡಿದಾಗ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಒಪ್ಪಿಗೆ ಕೇಳುವ ಜಾಗಕ್ಕೆ ಒಂದು ಪರದೆ ಬಟ್ಟೆಯಾದರೂ ಇರಬೇಕು. ಬೆಂಚಿನ ಮೇಲೆ ಹತ್ತು ಜನ ಕೇಳಿಸಿಕೊಳ್ಳುವಾಗ ನಿದ್ದೆ ಬರುತ್ತಿಲ್ಲ, ಬದುಕೇ ಬೇಡವಾಗಿದೆ ಎಂದು ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಅಲ್ಲಿಂದಲೇ ಕರೆ ಜೋಡಿಸಿಕೊಡಲಿ.

ಕೊನೆಯದಾಗಿ ಎಣಿಕೆಯ ಮಾತು. ದಿನಕ್ಕೆ ಇಷ್ಟು ಕರೆ ಎಂಬ ಗುರಿ ಕೊಟ್ಟಿರುವವರೆಗೆ ಸಿಎಚ್‌ಒಗಳ ಗಮನ ಕರೆಯ ಸಂಖ್ಯೆಯ ಮೇಲಿರುತ್ತದೆ, ತಲೆನೋವು, ಕೆಮ್ಮುಗಳ ಕರೆಗಳಲ್ಲಿ ಗುರಿ ಮುಟ್ಟಿಬಿಡುತ್ತದೆ. ಬಿಪಿ, ಶುಗರ್‌ನಂಥ ಅಸಾಂಕ್ರಾಮಿಕ ರೋಗಗಳ ಎನ್‌ಸಿಡಿ ಪೋರ್ಟಲ್‌ನಲ್ಲಿ ಒಮ್ಮೆ, ಇ-ಸಂಜೀವಿನಿಯಲ್ಲಿ ಇನ್ನೊಮ್ಮೆ ಅದೇ ಬಿಪಿಯನ್ನು ತುಂಬುವ ಕೆಲಸ ಅವರ ಮಧ್ಯಾಹ್ನವನ್ನು ತಿನ್ನುತ್ತದೆ. ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ತಾನಾಗಿ ಹೋಗುವಂತೆ ಮಾಡಿಸಿ. ಕರೆಗಳ ಗುರಿಯ ಜಾಗದಲ್ಲಿ ಮೂರು ಅಂಕಿ ಕೇಳಿ: ನೋಂದಣಿಯಾಗಿ ಆರು ತಿಂಗಳು ಕಳೆದವರಲ್ಲಿ ಕಳೆದ ಭೇಟಿಯಲ್ಲಿ 140/90ಕ್ಕಿಂತ ಕೆಳಗೆ ಇದ್ದವರೆಷ್ಟು, ಮೇಲೆ ಇದ್ದವರೆಷ್ಟು, ಮೂರು ತಿಂಗಳಿಂದ ಬಾರದವರೆಷ್ಟು. ಮೂರನೆಯ ಪಟ್ಟಿಯಲ್ಲಿ ಹೆಸರುಗಳಿರಬೇಕು, ಅದು ಆಶಾ ಕಾರ್ಯಕರ್ತೆಯ ಕೈಗೆ ಹೋಗಬೇಕು. ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೆ ಹೋಗುತ್ತಿರುವುದರಿಂದ, ಬಾರದವರನ್ನು ಹುಡುಕುವ ಕೆಲಸಕ್ಕೆ ಹೊಸ ಸಿಬ್ಬಂದಿ ಬೇಕಾಗಿಲ್ಲ. ಹಾಗೆ ಹುಡುಕಿಕೊಂಡು ಹೋಗುವ ದುಡಿಮೆಗೆ ಆಶಾ ಅವರ ಪ್ರೋತ್ಸಾಹಧನದಲ್ಲಿ ಒಂದು ಸಾಲು ಸೇರಿಸಬೇಕು, ಮತ್ತು ಅದು ಆಯಾ ತಿಂಗಳೇ ಕೈ ಸೇರಬೇಕು.

ಇವುಗಳಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ತಾವು ಕೇಳಿದರೆ, ಮುಂದಿನ ಬೇಡಿಕೆ ಪಟ್ಟಿಯಲ್ಲಿ ಪ್ರತಿ ಉಪಕೇಂದ್ರಕ್ಕೆ ಒಂದು ದೊಡ್ಡ ಅಳತೆಯ ಬಿಪಿ ಪಟ್ಟಿ, ಒಂದು ಬೆನ್ನಾಸರೆ ಕುರ್ಚಿ ಮತ್ತು ಎರಡು ತಿಂಗಳ ಹೆಚ್ಚುವರಿ ಆಮ್ಲೋಡಿಪಿನ್ ಸೇರಿಸಿ. ಉಳಿದ ಪ್ರತಿಯೊಂದು ಅಂಶದ ಬಗ್ಗೆಯೂ ತಮ್ಮ ಅಧಿಕಾರಿಗಳೊಂದಿಗೆ ಕೂತು ಮಾತಾಡಲು ನಾವು ಯಾವ ದಿನಕ್ಕಾದರೂ ಸಿದ್ಧರಿದ್ದೇವೆ, ಗುರುವಾರವೊಂದನ್ನು ಬಿಟ್ಟು.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಮೀಣ ಆರೋಗ್ಯ ಸೇವೆಯಲ್ಲಿರುವ ವೈದ್ಯರು, ಶುಶ್ರೂಷಕರು ಮತ್ತು ಔಷಧ ವಿತರಕರು